ಅಡಿಕೆ ಧಾರಣೆ ಫೋಟೋದಲ್ಲಿ ಬರುತ್ತದೆ, ಮಾವಯ್ಯನಿಗೆ ಕಣ್ಣು ಕಾಣುವುದಿಲ್ಲ. ಏನು ಮಾಡಲಿ?

ಹುಲೇಕಲ್ ಸೊಸೆ

ನಮಸ್ಕಾರ. ನಮ್ಮ ಮನೆ ಶಿರಸಿಯಿಂದ ಹುಲೇಕಲ್ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಗೆ. ತೋಟದ ಮನೆ. ಮಾವಯ್ಯನಿಗೆ 71 ವರ್ಷ. ಗ್ಲಾಕೋಮಾ ಇದೆ ಅಂತ ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಈಗ ಎದುರಿಗೆ ನಿಂತವರ ಮುಖ ಕಾಣುತ್ತದೆ, ಪಕ್ಕದಲ್ಲಿ ನಿಂತವರು ಕಾಣುವುದಿಲ್ಲ. ಓದುವುದಂತೂ ಪೂರ್ತಿ ನಿಂತಿದೆ.

ಅವರಿಗೆ ಪೇಪರ್ ಓದಲು ಆಗದ ಬೇಸರ ಅಷ್ಟಿಲ್ಲ, ರೇಡಿಯೋ ಇದೆ. ಅವರ ಸಂಕಟ ಧಾರಣೆಯದ್ದು. ಊರಿನ ವಾಟ್ಸಾಪ್ ಗುಂಪಿಗೆ ದಿನಾ ಮಧ್ಯಾಹ್ನದ ಮೇಲೆ ಮಾರುಕಟ್ಟೆಯ ಧಾರಣೆ ಬರುತ್ತದೆ. ಅಡಿಕೆಯ ಬಗೆಗಳಾದ ರಾಶಿ, ಚಾಲಿ, ಬೆಟ್ಟೆ, ತಟ್ಟಿಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಜೊತೆಗೆ ಕಾಳುಮೆಣಸು, ಎಲ್ಲ ಒಂದೇ ಚೀಟಿ. ಆ ಚೀಟಿಯದ್ದು ಫೋಟೋ. ಅದೂ ಒಮ್ಮೊಮ್ಮೆ ವಾರೆ.

ಮೂರು ಗಂಟೆ ಆಗುತ್ತಿದ್ದ ಹಾಗೆ ಜಗಲಿಯಿಂದ ಕೂಗು ಬರುತ್ತದೆ, "ಧಾರಣೆ ಬೈಂದಾ ತಂಗಿ? ರಾಶಿ ಎಷ್ಟಾಜು?" ನಾನು ಓದಿ ಹೇಳುತ್ತೇನೆ. ನನಗೇನೂ ತ್ರಾಸಿಲ್ಲ. ಆದರೆ ಅವರಿಗೆ ಕೇಳಲು ಸಂಕೋಚ. ನಾನು ಕೊಟ್ಟಿಗೆಯಲ್ಲಿದ್ದರೆ ಅರ್ಧ ತಾಸು ಫೋನು ಕೈಯಲ್ಲಿ ಹಿಡಿದು ಸುಮ್ನೆ ಕೂತಿರುತ್ತಾರೆ. ನಲವತ್ತು ವರ್ಷ ಪೇಟೆಗೆ ಹೋಗಿ ಟೆಂಡರ್ ಮುಗಿಯುವ ತನಕ ನಿಂತು ಅಡಿಕೆ ಕೊಟ್ಟ ಮನುಷ್ಯ ಅವರು.

ಇನ್ನೊಂದು ತಮಾಷೆ. ಹೋದ ತಿಂಗಳು ಫೋನು ಕಿಸೆಯಲ್ಲಿ ಒತ್ತಿಹೋಗಿ ಏನೋ ಆನ್ ಆಯಿತು. ಮುಟ್ಟಿದ್ದನ್ನೆಲ್ಲ ಗಟ್ಟಿಯಾಗಿ ಹೇಳಲು ಶುರು ಮಾಡಿತು. ಒತ್ತಿದರೆ ತೆರೆಯುವುದಿಲ್ಲ, ಸರಿಸಿದರೆ ಸರಿಯುವುದಿಲ್ಲ. ಬ್ಯಾಟರಿ ಮುಗಿಯಲಿ ಅಂತ ಬಿಟ್ಟೆವು. ಚಾರ್ಜ್ ಮಾಡಿದ ಮೇಲೂ ಅದೇ. "ಫೋನಿಗೆ ಭೂತ ಹೊಕ್ಕಿದೆ" ಎಂದರು ಅತ್ತೆ. ಕೊನೆಗೆ ಪೇಟೆಗೆ ಒಯ್ದು ಸರಿ ಮಾಡಿಸಿಕೊಂಡು ಬಂದೆವು, ಅಂಗಡಿಯವರು 300 ರೂಪಾಯಿ ತೆಗೆದುಕೊಂಡರು.

ಯಾರಿಗಾದರೂ ದಾರಿ ಗೊತ್ತಿದ್ದರೆ ಹೇಳಿ. ಫೋನು ಆಂಡ್ರಾಯ್ಡ್, ಮೂರು ವರ್ಷ ಹಳೆಯದು.

ಕುಮಟಾ ಮೊಬೈಲ್ ರಿಪೇರಿ

ಅಕ್ಕಾ, ಆ ಭೂತದ ಹೆಸರು ಟಾಕ್‌ಬ್ಯಾಕ್. ವಾಲ್ಯೂಮಿನ ಎರಡೂ ಬಟನ್ ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿದರೆ ಬರುತ್ತದೆ, ಮತ್ತೆ ಹಾಗೇ ಹಿಡಿದರೆ ಹೋಗುತ್ತದೆ. ಅದು ಆನ್ ಇದ್ದಾಗ ಒಂದು ಸಲ ಮುಟ್ಟಿದರೆ ಹೇಳುತ್ತದೆ ಅಷ್ಟೇ, ಕೆಲಸ ಮಾಡಬೇಕಾದರೆ ಎರಡು ಸಲ ತಟ್ಟಬೇಕು. ಸರಿಸುವುದಕ್ಕೆ ಎರಡು ಬೆರಳು.

ನನ್ನ ಅಂಗಡಿಗೆ ಇಂಥ ಫೋನು ಆಗಾಗ ಬರುತ್ತಲೇ ಇರುತ್ತದೆ. ಮೂರು ಸೆಕೆಂಡಿನ ಕೆಲಸಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳುವವರು "ಸಾಫ್ಟ್‌ವೇರ್ ಹೊಡೆಯಬೇಕು" ಎನ್ನುತ್ತಾರೆ. ಎಲ್ಲ ಊರಲ್ಲೂ ಇದ್ದಾರೆ ಬಿಡಿ.

ಸಿದ್ದಾಪುರ ನೇರಮಾತು

ಬೇಜಾರು ಮಾಡಿಕೊಳ್ಳಬೇಡಿ. ಇಷ್ಟು ವಯಸ್ಸಾದವರಿಗೆ ಫೋನಿನ ಉಸಾಬರಿ ಯಾಕೆ? ಮನೆಯಲ್ಲಿ ಇಷ್ಟು ಜನ ಇದ್ದೀರಿ, ದಿನಕ್ಕೊಂದು ಸಲ ಓದಿ ಹೇಳಿದರೆ ಮುಗಿಯಿತು. ನಮ್ಮ ಅಜ್ಜನಿಗೆ ಕಣ್ಣು ಹೋದ ಮೇಲೆ ಇಪ್ಪತ್ತು ವರ್ಷ ನಾವೇ ಓದಿ ಹೇಳಿದ್ದೇವೆ.

ಹುಲೇಕಲ್ ಸೊಸೆ

ನೇರಮಾತು ಅವರೇ, ಓದಿ ಹೇಳಲು ಬೇಜಾರಿಲ್ಲ ಅಂತ ಮೊದಲೇ ಬರೆದಿದ್ದೇನೆ. ನಿಮ್ಮ ಅಜ್ಜನಿಗೆ ಕೇಳಲು ಬೇಜಾರಿತ್ತಾ ಇಲ್ಲವಾ, ನೀವು ಕೇಳಿದ್ದಿರಾ?

ಕುಮಟಾದವರಿಗೆ ಥ್ಯಾಂಕ್ಸ್. 300 ರೂಪಾಯಿಯ ವಿಷಯ ನಮ್ಮ ಯಜಮಾನರಿಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಕೋಡಿಬಾಗ ಮೇಷ್ಟ್ರು

ನಾನು ಕಾರವಾರದವನು, ಶಾಲೆಯಲ್ಲಿ ಪಾಠ ಮಾಡುತ್ತೇನೆ. ನನಗೆ ಹುಟ್ಟಿನಿಂದ ಕಣ್ಣಿಲ್ಲ. ನಿಮ್ಮ ಮನೆಯವರು ದುಡ್ಡು ಕೊಟ್ಟು ಓಡಿಸಿದ ಆ ಭೂತದ ಜೊತೆಯೇ ನಾನು ಒಂಬತ್ತು ವರ್ಷದಿಂದ ಸಂಸಾರ ಮಾಡುತ್ತಿದ್ದೇನೆ. ಈ ಪೋಸ್ಟನ್ನೂ ಅದೇ ಓದಿ ಹೇಳಿದ್ದು. ದಯವಿಟ್ಟು ಅದನ್ನು ವಾಪಸ್ ಕರೆಯಿರಿ.

ಕಲಿಸುವ ಕ್ರಮ ಹೇಳುತ್ತೇನೆ. ಜಾಸ್ತಿ ಜನ ತಪ್ಪು ಮಾಡುವುದು ಇಲ್ಲೇ. ಮೊದಲ ದಿನವೇ ವಾಟ್ಸಾಪ್, ಧಾರಣೆ ಅಂತ ಹೋಗಬೇಡಿ. ಬಂದ ಕರೆ ಎತ್ತುವುದನ್ನು ಕಲಿಸಿ. ಹೊಸ ಫೋನುಗಳಲ್ಲಿ ಪರದೆಯ ಮೇಲೆ ಎಲ್ಲಿಯಾದರೂ ಎರಡು ಬೆರಳಿನಿಂದ ಎರಡು ಸಲ ತಟ್ಟಿದರೆ ಕರೆ ಎತ್ತುತ್ತದೆ, ಮತ್ತೆ ಹಾಗೇ ತಟ್ಟಿದರೆ ಇಡುತ್ತದೆ. ಹಸಿರು ಬಟನ್ ಹುಡುಕುವ ಕೆಲಸವೇ ಇಲ್ಲ. ಈ ಒಂದು ಬಂದರೆ ಮನುಷ್ಯನಿಗೆ ಧೈರ್ಯ ಬರುತ್ತದೆ. ಆಮೇಲೆ ಒಂದು ಬೆರಳನ್ನು ಬಲಕ್ಕೆ ಸವರುವುದು. ಒಂದೊಂದು ಸವರಿಗೂ ಮುಂದಿನದ್ದನ್ನು ಓದುತ್ತದೆ. ಎಡಕ್ಕೆ ಸವರಿದರೆ ಹಿಂದಿನದು. ಒಂದು ವಾರ ಬರೀ ಇಷ್ಟೇ ಮಾಡಲಿ.

ಎರಡನೆಯದು, ಧ್ವನಿ. ಫೋನಿನ ಭಾಷೆ ಇಂಗ್ಲಿಷಿನಲ್ಲಿದ್ದು ಅದು ಇಂಗ್ಲಿಷಿನಲ್ಲಿ ಕೂಗಿದರೆ ಯಾರಿಗಾದರೂ ಭೂತವೇ ಅನಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಟ್-ಟು-ಸ್ಪೀಚ್ ಅಂತ ಇದೆ. ಅಲ್ಲಿ ಗೂಗಲ್‌ನ ಕನ್ನಡ ಧ್ವನಿ ಇಳಿಸಿಕೊಳ್ಳಿ. ಪೇಟೆಯಲ್ಲಿ ಒಳ್ಳೆ ನೆಟ್ ಸಿಕ್ಕಾಗ ಒಮ್ಮೆ ಇಳಿಸಿಟ್ಟರೆ ಸಾಕು, ಮಳೆಗಾಲದಲ್ಲಿ ಟವರ್ ಹೋದಾಗಲೂ ಓದುತ್ತದೆ. ವೇಗ ಕಡಿಮೆ ಮಾಡಿಡಿ. ನಾನು ಕೇಳುವ ವೇಗದಲ್ಲಿ ಅವರಿಗೆ ಕೇಳಿಸಿದರೆ ಫೋನು ಬಾವಿಗೆ ಬೀಳುತ್ತದೆ.

ಇನ್ನು ಫೋಟೋ. ಅಕ್ಷರ ಟೈಪ್ ಮಾಡಿದ್ದರೆ ಟಾಕ್‌ಬ್ಯಾಕ್ ಓದುತ್ತದೆ. ಫೋಟೋ ಬಂದರೆ "ಫೋಟೋ" ಅಂತ ಹೇಳಿ ಸುಮ್ಮನಾಗುತ್ತದೆ. ನಿಮ್ಮ ಮಾವಯ್ಯನ ತೊಂದರೆ ಫೋನಿನಲ್ಲಿ ಇಲ್ಲ, ಫೋಟೋ ಕಳಿಸುವವರ ಕೈಯಲ್ಲಿದೆ.

ಬೆಂಗಳೂರಲ್ಲಿರುವ ಅಂಕೋಲಾದವ

ಸುಲಭದ ದಾರಿ ಇದೆಯಲ್ಲ. ಅಕ್ಷರದ ಗಾತ್ರ ಪೂರ್ತಿ ದೊಡ್ಡದು ಮಾಡಿ. ನನ್ನ ಅಮ್ಮನಿಗೆ ಹಾಗೆ ಮಾಡಿಕೊಟ್ಟೆ, ಈಗ ಎಲ್ಲ ಓದುತ್ತಾರೆ. ಫೋಟೋ ಆದರೆ ಎರಡು ಬೆರಳಲ್ಲಿ ಹಿಗ್ಗಿಸಿದರೆ ಆಯಿತು.

ಕೋಡಿಬಾಗ ಮೇಷ್ಟ್ರು

ನಿಮ್ಮ ಅಮ್ಮನವರಿಗೆ ಇರುವುದು ಚಾಳೀಸು ಇರಬೇಕು. ಗ್ಲಾಕೋಮಾ ಹಾಗಲ್ಲ. ನೋಟ ಅಂಚಿನಿಂದ ಕಡಿಮೆಯಾಗುತ್ತ ಬರುತ್ತದೆ. ಉಳಿದಿರುವುದು ನಡುವಿನ ಕಿಂಡಿ. ಅಕ್ಷರ ದೊಡ್ಡದು ಮಾಡಿದಷ್ಟೂ ಆ ಕಿಂಡಿಯಲ್ಲಿ ಒಂದೋ ಎರಡೋ ಅಕ್ಷರ ಮಾತ್ರ ಹಿಡಿಸುತ್ತದೆ. ಬಾಗಿಲ ಸಂದಿಯಿಂದ ಆನೆ ನೋಡಿದ ಹಾಗೆ. ಅವರಿಗೆ ಸಾಧಾರಣ ಗಾತ್ರ, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ, ಇದು ಹೆಚ್ಚು ಉಪಯೋಗಕ್ಕೆ ಬರಬಹುದು. ಕಣ್ಣಿನ ಡಾಕ್ಟರನ್ನೂ ಒಂದು ಮಾತು ಕೇಳಿ.

ಬೆಂಗಳೂರಲ್ಲಿರುವ ಅಂಕೋಲಾದವ

ಇದು ಗೊತ್ತಿರಲಿಲ್ಲ ಮೇಷ್ಟ್ರೇ. ನಮ್ಮ ಆಫೀಸಿನಲ್ಲಿ ನಾವು ಮಾಡುವುದೇ ಆಪ್. ನಾಚಿಕೆಯಾಯಿತು.

ಬೈತಖೋಲ ಬಂದರು

ನನ್ನ ಆಯಿ ಕಾರವಾರ ಮಾರ್ಕೆಟಿನಲ್ಲಿ ಮೀನು ಮಾರುತ್ತಾಳೆ. ಶಾಲೆಗೆ ಹೋದವಳಲ್ಲ. ಕಣ್ಣು ಚೆನ್ನಾಗಿಯೇ ಇದೆ, ಓದಲು ಮಾತ್ರ ಬರುವುದಿಲ್ಲ. ಓದಲು ಬಾರದವರ ಕಥೆಯೂ ಇದೇ, ಅದಕ್ಕೆ ಬರೆಯುತ್ತಿದ್ದೇನೆ.

ಅವಳ ಫೋನಿನ ಮೊದಲ ಪರದೆಯಲ್ಲಿ ಆರು ಮುಖ ಇಟ್ಟಿದ್ದೇನೆ. ನಾನು, ತಂಗಿ, ಮಾವ, ಮೀನು ಕೊಡುವ ಬೋಟಿನವರು, ಐಸಿನವ, ರಿಕ್ಷಾದವ. ಮುಖ ಒತ್ತಿದರೆ ನೇರ ಕರೆ ಹೋಗುತ್ತದೆ. ಕಾಂಟ್ಯಾಕ್ಟಿಗೆ ಫೋಟೋ ಹಾಕಿ, ವಿಜೆಟ್‌ನಲ್ಲಿ ನೇರ ಡಯಲ್ ಆಯ್ಕೆ ಮಾಡಿದರೆ ಆಗುತ್ತದೆ. ಐಸಿನವನ ಫೋಟೋ ಸಿಗಲಿಲ್ಲ ಅಂತ ಐಸ್ ಗಡ್ಡೆಯ ಫೋಟೋ ಹಾಕಿದೆ. ಅವನಿಗೆ ಗೊತ್ತಾಗಿ ಸಿಟ್ಟಾದ.

ಕ್ಯೂಆರ್ ಕೋಡ್ ಇಟ್ಟ ಹೊಸದರಲ್ಲಿ ಗಿರಾಕಿ ಫೋನು ತೋರಿಸಿ "ಹಾಕಿದೆ ಅಕ್ಕ" ಎಂದರೆ ಇವಳು ತಲೆಯಾಡಿಸುತ್ತಿದ್ದಳು. ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಒಬ್ಬ ಎರಡು ಸಲ ಬಂಗುಡೆ ಒಯ್ದ. ಆಮೇಲೆ ದುಡ್ಡು ಬಂದಾಗ ಕೂಗುವ ಪೆಟ್ಟಿಗೆ ತಂದೆವು. ಈಗ ಅದು ಕೂಗುವ ತನಕ ಚೀಲ ಕೊಡುವುದಿಲ್ಲ. ಕೂಗಿದ ಮೇಲೆ "ಪೈಶೆ ಆಯ್ಲೆ" ಅಂತ ತಾನೂ ಒಂದು ಸಲ ಹೇಳುತ್ತಾಳೆ. ಅಂಗಡಿಯವರ ಗಡಿಬಿಡಿಗೆ ಅಂತ ಮಾಡಿದ ಪೆಟ್ಟಿಗೆ ಇರಬೇಕು ಅದು. ಉಪಕಾರ ಜಾಸ್ತಿ ಆಗಿದ್ದು ನಮ್ಮ ಆಯಿಯಂಥವರಿಗೆ.

ಒಂದೇ ಸಮಸ್ಯೆ, ಒದ್ದೆ ಕೈ. ಟಚ್ ಸ್ಕ್ರೀನಿಗೆ ಒದ್ದೆ ಬೆರಳು ಆಗುವುದಿಲ್ಲ. ಒಂದು ಒತ್ತಿದರೆ ಇನ್ನೊಂದಕ್ಕೆ ಹೋಗುತ್ತದೆ. ಮೀನಿನವರ ಕೈ ಒಣಗಿರುವುದು ಯಾವಾಗ, ಜೂನ್–ಜುಲೈ ಎರಡು ತಿಂಗಳು ಬೋಟು ನಿಂತಾಗ. ಆಗ ದುಡ್ಡೂ ಇರುವುದಿಲ್ಲ, ಒತ್ತುವ ಕೆಲಸವೂ ಇರುವುದಿಲ್ಲ.

ಜೋಯಿಡಾ ಗುಡ್ಡ

ನೀವೆಲ್ಲ ಟಾಕ್‌ಬ್ಯಾಕ್ ಮಾತಾಡುತ್ತಿದ್ದೀರಿ. ನಮ್ಮಲ್ಲಿ ಫೋನು ಮಾತಾಡುವುದೇ ಮನೆ ಹಿಂದಿನ ಗುಡ್ಡದ ಮೇಲಿನ ಮತ್ತಿಮರದ ಬುಡದಲ್ಲಿ. ಕೋವಿಡ್ ಟೈಮಿನಲ್ಲಿ ಮಕ್ಕಳೆಲ್ಲ ಅಲ್ಲೇ ಕ್ಲಾಸು ಕೇಳಿದ್ದು. ಈ ಪೋಸ್ಟೂ ಅಲ್ಲಿಂದಲೇ. ಉಂಬಳ (ಜಿಗಣೆ) ಹತ್ತುತ್ತಿದೆ, ಉಳಿದದ್ದು ನಾಳೆ.

ಅರ್ಧ ಕಿವಿ, ಹೊನ್ನಾವರ

ನನ್ನದು ಉಲ್ಟಾ ಕೇಸು. ಎರಡೂ ಕಿವಿ ಮಂದ. ಮೆಷಿನ್ ಹಾಕಿಕೊಂಡರೂ ಫೋನಿನ ಮಾತು ಪೂರ್ತಿ ತಿಳಿಯುವುದಿಲ್ಲ. ನನಗೆ ವಾಟ್ಸಾಪ್ ಬಂದಾಗ ಸ್ವರ್ಗ ಸಿಕ್ಕ ಹಾಗಾಗಿತ್ತು. ಎಲ್ಲರೂ ಬರೆಯುತ್ತಿದ್ದರು, ನಾನು ಓದುತ್ತಿದ್ದೆ. ಈಗ ನಮ್ಮ ಮನೆತನದ ಗುಂಪಿನಲ್ಲಿ ಯಾರೂ ಬರೆಯುವುದಿಲ್ಲ. ಎಲ್ಲ ವಾಯ್ಸ್ ಮೆಸೇಜ್. ಚಿಕ್ಕಮ್ಮ ನಾಲ್ಕು ನಿಮಿಷದ್ದು ಕಳಿಸುತ್ತಾಳೆ, ಅದರಲ್ಲಿ ಅರ್ಧ ಕೋಳಿ ಕೂಗುವುದು. ಎಲ್ಲರೂ ನಗುವ ಎಮೋಜಿ ಹಾಕುತ್ತಾರೆ, ನಾನೂ ಹಾಕುತ್ತೇನೆ. ಒಮ್ಮೆ ಸಾವಿನ ಸುದ್ದಿಗೆ ಹಾಕಿಬಿಟ್ಟೆ.

ಹುಲೇಕಲ್ ತಂಗಿ, ಇಲ್ಲಿ ಯಾರಾದರೂ "ಧಾರಣೆಯನ್ನು ವಾಯ್ಸ್ ಮೆಸೇಜಿನಲ್ಲಿ ಹಾಕಲಿ" ಅಂತ ಸಲಹೆ ಕೊಡುವ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಗುಂಪಿನಲ್ಲಿ ನನ್ನಂಥ ಕಿವುಡರೂ ಒಬ್ಬರು ಇರುತ್ತಾರೆ. ಟೈಪ್ ಮಾಡಿ ಹಾಕಿದರೆ ಮಾವಯ್ಯ ಕೇಳುತ್ತಾರೆ, ಕಿವುಡರು ಓದುತ್ತಾರೆ. ಅಷ್ಟೇ ಅಲ್ಲ, ಕಣ್ಣು ಕಿವಿ ಎರಡೂ ಸರಿ ಇದ್ದವರು ಹೋದ ವಾರದ ಚಾಲಿ ಎಷ್ಟಿತ್ತು ಅಂತ ಹುಡುಕಬಹುದು. ಫೋಟೋದಲ್ಲಿ ಹುಡುಕಲು ಆಗುತ್ತದಾ?

ನನ್ನಂಥವರಿಗೆ ಇನ್ನೊಂದು ಮಾತು. ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಅಂತ ಆಪ್ ಇದೆ, 2019ರಲ್ಲಿ ಬಂದದ್ದು. ಎದುರಿನವರು ಮಾತಾಡಿದ್ದನ್ನು ಪರದೆಯ ಮೇಲೆ ಬರೆದು ತೋರಿಸುತ್ತದೆ, ಕನ್ನಡದಲ್ಲೂ. ಡಾಕ್ಟರ್ ಹತ್ತಿರ ಹೋಗುವಾಗ ನಾನು ಅದನ್ನೇ ಮೇಜಿನ ಮೇಲಿಡುತ್ತೇನೆ. ಪುಸ್ತಕದ ಕನ್ನಡ ಆದರೆ ಚೆನ್ನಾಗಿ ಹಿಡಿಯುತ್ತದೆ. ನಮ್ಮ ಅತ್ತೆಯ ಹವ್ಯಕ ಮಾತು ಕೇಳಿಸಿದೆ. "ಹೋಪನ" (ಹೋಗೋಣ) ಎಂದದ್ದಕ್ಕೆ "ಹೋಂ ಪನ್ನು" ಅಂತ ಬರೆಯಿತು.

ಕುಮಟಾ ಮೊಬೈಲ್ ರಿಪೇರಿ

ಅಕ್ಕಾ, 2023ರ ಅಕ್ಟೋಬರ್ 12 ನೆನಪಿದೆಯಾ? ಸರ್ಕಾರದವರು ವಿಪತ್ತಿನ ಎಚ್ಚರಿಕೆಯ ಪರೀಕ್ಷೆ ಅಂತ ರಾಜ್ಯದ ಫೋನುಗಳನ್ನೆಲ್ಲ ಕೂಗಿಸಿದ ದಿನ. ಅಂಗಡಿಯಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಕಿರುಚಿ ನನ್ನ ಎದೆ ಒಡೆಯುವುದೊಂದು ಬಾಕಿ. ನಿಮಗೆ ಗೊತ್ತಾಯಿತಾ?

ಅರ್ಧ ಕಿವಿ, ಹೊನ್ನಾವರ

ಗೊತ್ತಾಯಿತು, ವೈಬ್ರೇಟ್ ಆಗಿ ಮೇಜಿನಿಂದ ಕೆಳಗೆ ಬಿತ್ತು. ಪರದೆಯ ಮೇಲೆ ಬರೆದೂ ಬಂತು. ಅವತ್ತು ನಗು ಬಂದಿತ್ತು. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದ ಮೇಲೆ ಮಳೆ ಜೋರಾದ ರಾತ್ರಿ ಫೋನನ್ನು ದಿಂಬಿನ ಕೆಳಗೇ ಇಟ್ಟುಕೊಂಡು ಮಲಗುತ್ತೇನೆ. ಮಲಗುವ ಕೋಣೆಗೆ ಫೋನು ತರಬೇಡಿ ಅಂತ ಎಲ್ಲರೂ ಬುದ್ಧಿ ಹೇಳುತ್ತಾರಲ್ಲ, ಅವರಿಗೆ ಗುಡುಗು ಕೇಳಿಸುತ್ತದೆ.

ಸಿದ್ದಾಪುರ ನೇರಮಾತು

ಎಲ್ಲ ಸರಿ. ಆದರೆ ಕಣ್ಣು ಕಾಣದವರ ಕೈಗೆ ದುಡ್ಡಿನ ಆಪ್ ಕೊಟ್ಟರೆ ಮೋಸ ಹೋಗುವುದಿಲ್ಲವಾ? ನಮ್ಮ ಪಕ್ಕದೂರಿನಲ್ಲಿ ಮದುವೆ ಕರೆಯೋಲೆ ಅಂತ ಬಂದ ಫೈಲು ಒತ್ತಿ ಒಬ್ಬರ ಖಾತೆ ಖಾಲಿಯಾಗಿದೆ.

ಕೋಡಿಬಾಗ ಮೇಷ್ಟ್ರು

ಆ ಒಬ್ಬರಿಗೆ ಕಣ್ಣು ಕಾಣುತ್ತಿತ್ತಾ? ಕಾಣುತ್ತಿತ್ತು ಅಂದುಕೊಳ್ಳುತ್ತೇನೆ.

ಅಂಥ ಫೈಲಿನ ಹೆಸರಿನ ಕೊನೆಗೆ ಎಪಿಕೆ ಅಂತ ಮೂರು ಅಕ್ಷರ ಇರುತ್ತದೆ. ಅದು ಕರೆಯೋಲೆ ಅಲ್ಲ, ಆಪ್. ನೀವು ಕಣ್ಣಲ್ಲಿ ಚಿತ್ರ ನೋಡಿ ಒತ್ತಿಬಿಡುತ್ತೀರಿ. ನನಗೆ ಟಾಕ್‌ಬ್ಯಾಕ್ ಪೂರ್ತಿ ಹೆಸರು ಓದಿ ಹೇಳುತ್ತದೆ, ಕೊನೆಯ ಆ ಮೂರು ಅಕ್ಷರವನ್ನೂ. ಹಣ ಬರುವುದಕ್ಕೆ ಪಿನ್ ಒತ್ತಬೇಕಾಗಿಲ್ಲ, ಕಳಿಸುವುದಕ್ಕೆ ಮಾತ್ರ ಬೇಕು. ಇಷ್ಟು ನೆನಪಿಟ್ಟರೆ ಅರ್ಧ ಮೋಸ ತಪ್ಪುತ್ತದೆ. ಹೋದರೂ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ತಡ ಮಾಡಿದಷ್ಟು ದುಡ್ಡು ದೂರ ಹೋಗುತ್ತದೆ.

ನನಗೆ ಕಾಟ ಕೊಡುವುದು ಕಳ್ಳರಿಗಿಂತ ಬ್ಯಾಂಕು. ನನ್ನ ಒಂದು ಖಾತೆಯ ಆಪ್, ಟಾಕ್‌ಬ್ಯಾಕ್ ಆನ್ ಇದ್ದರೆ ತೆರೆಯುವುದೇ ಇಲ್ಲ. "ಅಪಾಯಕಾರಿ ಸೇವೆ ಚಾಲ್ತಿಯಲ್ಲಿದೆ, ಆಫ್ ಮಾಡಿ" ಎನ್ನುತ್ತದೆ. ಆಫ್ ಮಾಡಿದರೆ ಆ ಸಂದೇಶವನ್ನು ಓದುವವರು ಯಾರು? ಕಳ್ಳ ಆಪ್‌ಗಳೂ ಇದೇ ಆಕ್ಸೆಸಿಬಿಲಿಟಿ ಅನುಮತಿ ಕೇಳಿಕೊಂಡು ಪರದೆ ಕದಿಯುತ್ತವೆ, ಅದಕ್ಕೆ ಬ್ಯಾಂಕಿನವರು ಹೆದರುತ್ತಾರೆ. ಕಾರಣ ನನಗೂ ಅರ್ಥವಾಗುತ್ತದೆ. ಆದರೆ ಕಳ್ಳ ಯಾರು, ಕುರುಡ ಯಾರು ಅಂತ ಬೇರೆ ಮಾಡಲು ಬಾರದಿದ್ದರೆ ಅದು ಎಂಥ ಕಾವಲು?

ಅಂಚೆಯಣ್ಣ, ಯಲ್ಲಾಪುರ

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ನವೆಂಬರ್ ಬಂತೆಂದರೆ ನಮಗೆ ಪಿಂಚಣಿದಾರರ ಜೀವನ್ ಪ್ರಮಾಣ್ ಕೆಲಸ. ಬದುಕಿದ್ದೇನೆ ಅಂತ ವರ್ಷಕ್ಕೊಮ್ಮೆ ತೋರಿಸುವುದು. 2014ರಲ್ಲಿ ಶುರುವಾದದ್ದು. ಮೊದಲು ಬೆರಳಚ್ಚು ಒಂದೇ ದಾರಿ ಅನ್ನುವ ಹಾಗಿತ್ತು. ನಮ್ಮ ಕಡೆ ಹೆಬ್ಬೆರಳು ಎಲ್ಲಿ ಉಳಿದಿರುತ್ತದೆ ಹೇಳಿ? ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿದು ಸುಲಿದು ಗೆರೆಯೇ ಸವೆದಿರುತ್ತದೆ, ಮೇಲಿಂದ ಚೊಗರು. ರೇಷನ್ ಅಂಗಡಿಯಲ್ಲೂ ಅದೇ ಗೋಳು. ಎಣ್ಣೆ ಹಚ್ಚಿ ಒರೆಸಿ, ಬೆರಳು ಬದಲಿಸಿ, ಉಸಿರು ಊದಿ, ಏನೇನೋ ಮಾಡುತ್ತಿದ್ದೆವು.

2021ರಲ್ಲಿ ಮುಖ ತೋರಿಸುವುದು ಬಂತು. ಎಷ್ಟೋ ಹಗುರಾಯಿತು. ಆದರೆ ಮುಖದ ಜೊತೆ "ಕಣ್ಣು ಮಿಟುಕಿಸಿ" ಎನ್ನುತ್ತದೆ. ಕಣ್ಣು ಕಾಣದ ಒಬ್ಬ ಅಜ್ಜನ ಎದುರು ಫೋನು ಹಿಡಿದು ನಾನೂ ಅವನೂ ಮುಕ್ಕಾಲು ತಾಸು ಕೂತಿದ್ದೇವೆ. ಅವನ ರೆಪ್ಪೆ ಅಲುಗುವುದಿಲ್ಲ, ಆಪ್ ಒಪ್ಪುವುದಿಲ್ಲ. "ಬದುಕಿದ್ದೇನೆ ಮಾರಾಯಾ, ಬೇಕಾದರೆ ಒಂದು ಪದ ಹೇಳುತ್ತೇನೆ" ಎಂದ.

ಇದೇ ವಿಷಯ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಆಸಿಡ್ ದಾಳಿಯಲ್ಲಿ ಮುಖ, ಕಣ್ಣು ಸುಟ್ಟವರು ಮತ್ತು ದೃಷ್ಟಿ ಇಲ್ಲದವರು ಬ್ಯಾಂಕಿನ ಕೆವೈಸಿಗೆ, ಅಂದರೆ ಗುರುತಿನ ಪರಿಶೀಲನೆಗೆ, ಕಣ್ಣು ಮಿಟುಕಿಸಲು ಆಗುವುದಿಲ್ಲ ಅಂತ ಕೇಸು ಹಾಕಿದ್ದರು. 2025ರ ಏಪ್ರಿಲ್ 30ರಂದು ತೀರ್ಪು ಬಂತು. ಡಿಜಿಟಲ್ ಸೇವೆ ಎಲ್ಲರಿಗೂ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ, ಮಿಟುಕಿಸುವುದಕ್ಕೆ ಬೇರೆ ದಾರಿ ಇರಬೇಕು ಎಂದರು. 20 ನಿರ್ದೇಶನ ಕೊಟ್ಟಿದ್ದಾರೆ. ಬ್ಯಾಂಕಿನಲ್ಲಿ ಯಾರಾದರೂ "ಸಿಸ್ಟಮ್ ತಗೊಳ್ಳುವುದಿಲ್ಲ" ಎಂದರೆ ಈ ತಾರೀಕು ಹೇಳಿ.

ಬೆಂಗಳೂರಲ್ಲಿರುವ ಅಂಕೋಲಾದವ

ಫೋಟೋ ಸಮಸ್ಯೆಗೆ ಇವತ್ತು ಒಂದು ಪ್ರಯೋಗ ಮಾಡಿದೆ. ಧಾರಣೆ ಚೀಟಿಯ ಫೋಟೋವನ್ನು ಗೂಗಲ್ ಲೆನ್ಸ್‌ಗೆ ಕೊಟ್ಟೆ. ಪ್ರಿಂಟ್ ಆದ ಚೀಟಿ ಆದರೆ ಅಕ್ಷರ ಎತ್ತಿ ಕೊಡುತ್ತದೆ, ಅದನ್ನು ಓದಿಸಬಹುದು. ಕೈಬರಹದ ಬೋರ್ಡಿನ ಫೋಟೋ ಆದರೆ ದೇವರೇ ಗತಿ.

ಹುಲೇಕಲ್ ಸೊಸೆ

ನಾನೂ ಮಾಡಿ ನೋಡಿದೆ. ಒಂದು ಸಲ 3 ಅನ್ನು 8 ಮಾಡಿತು. ಕ್ವಿಂಟಲಿಗೆ ಐದು ಸಾವಿರ ಜಾಸ್ತಿ! ಮಾವಯ್ಯ ಖುಷಿಯಾಗಿ ಎದ್ದೇ ನಿಂತರು. ಆಮೇಲೆ ನಾನು ಸರಿ ಓದಿದ ಮೇಲೆ ಮುಖ ನೋಡಲು ಆಗಲಿಲ್ಲ. ಲೆನ್ಸ್ ಬೇಡ.

ಹತ್ತು ದಿನದ ವರದಿ. ಟಾಕ್‌ಬ್ಯಾಕ್ ಆನ್ ಮಾಡಿದೆವು, ಕನ್ನಡದ ಧ್ವನಿ ಹಾಕಿದೆವು. ಕರೆ ಎತ್ತುವುದು ಎರಡೇ ದಿನಕ್ಕೆ ಬಂತು. ಈಗ ಯಾರ ಕರೆ ಅಂತ ಫೋನೇ ಹೇಳುತ್ತದಲ್ಲ, ಬೇಡದವರ ಕರೆ ಬಂದರೆ ಎತ್ತುವುದೇ ಇಲ್ಲ. ಸವರುವುದು ಇನ್ನೂ ಒರಟು. ಕೊನೆ ಕೊಯ್ಯುವವರ ಕೈ ಅಲ್ವಾ, ಪರದೆಯನ್ನು ದೋಟಿಯಲ್ಲಿ ಎಳೆದ ಹಾಗೆ ಎಳೆಯುತ್ತಾರೆ.

ಕೋಡಿಬಾಗ ಮೇಷ್ಟ್ರು

ಭೇಷ್! ಎರಡು ಸಲ ತಟ್ಟುವುದು ಬಾರದಿದ್ದರೆ "ಬಾಗಿಲು ತಟ್ಟಿದ ಹಾಗೆ" ಅಂತ ಹೇಳಿ. ನಿಧಾನ ತಟ್ಟಿದರೆ ಅದು ಎರಡು ಬೇರೆ ಬೇರೆ ಮುಟ್ಟು ಅಂದುಕೊಳ್ಳುತ್ತದೆ.

ನೋಟಿನ ವಿಷಯವೂ ಅವರಿಗೆ ಹೇಳಿಕೊಡಿ. ಹೊಸ 100, 200, 500 ಮೂರೂ 66 ಮಿ.ಮೀ. ಅಗಲ. ಉದ್ದ ಮಾತ್ರ 142, 146, 150. ಅಂದರೆ ಒಂದಕ್ಕೂ ಇನ್ನೊಂದಕ್ಕೂ 4 ಮಿ.ಮೀ. ವ್ಯತ್ಯಾಸ. ಕೈಯಲ್ಲಿ ಒಂದೇ ನೋಟು ಇದ್ದರೆ ಯಾರ ಬೆರಳಿಗೂ ಗೊತ್ತಾಗುವುದಿಲ್ಲ. ಅದರ ನಡುವೆ ಹಳೆಯ 100 ಇನ್ನೂ ಓಡಾಡುತ್ತಿದೆ, ಅದು 157 ಮಿ.ಮೀ., ಐನೂರಕ್ಕಿಂತ ಉದ್ದ! ಅಂಚಿನಲ್ಲಿ ಉಬ್ಬು ಗೆರೆ ಇದೆ, 100ಕ್ಕೆ ನಾಲ್ಕು, 500ಕ್ಕೆ ಐದು. ಹೊಸ ನೋಟಿನಲ್ಲಿ ಸಿಗುತ್ತದೆ, ಮೀನು ಮಾರ್ಕೆಟಿಗೆ ಹೋಗಿ ಬಂದ ನೋಟಿನಲ್ಲಿ ಸಿಗುವುದಿಲ್ಲ (ಬೈತಖೋಲದವರು ಕ್ಷಮಿಸಬೇಕು). ರಿಸರ್ವ್ ಬ್ಯಾಂಕಿನ ಮಣಿ ಅಂತ ಒಂದು ಆಪ್ ಇದೆ, 2020ರ ಜನವರಿಯಲ್ಲಿ ಬಿಟ್ಟದ್ದು. ಕ್ಯಾಮೆರಾ ಎದುರು ನೋಟು ಹಿಡಿದರೆ ಎಷ್ಟರದ್ದು ಅಂತ ಹೇಳುತ್ತದೆ, ನೆಟ್ ಬೇಡ. ಖೋಟಾ ನೋಟನ್ನು ಮಾತ್ರ ಅದು ಗುರುತಿಸುವುದಿಲ್ಲ.

ಕೊನೆಗೆ ಗುಂಪಿನ ಅಡ್ಮಿನ್. ಅವರ ಹತ್ತಿರ ಮಾತಾಡಿದಿರಾ?

ಹುಲೇಕಲ್ ಸೊಸೆ

ಮಾತಾಡಿದೆ. ಅಡ್ಮಿನ್ ನಮ್ಮ ಯಜಮಾನರ ಕಡೆ ದೂರದ ಭಾವ. "ಅತ್ತಿಗೆ, ಟೈಪ್ ಮಾಡಲು ನನಗೆಲ್ಲಿ ಪುರುಸೊತ್ತು? ಫೋಟೋ ಆದರೆ ಒಂದು ಕ್ಲಿಕ್" ಎಂದರು. ನಾನೇ ಟೈಪ್ ಮಾಡಿ ಹಾಕುತ್ತೇನೆ ಎಂದೆ. ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯಬಹುದಂತೆ. ಗುಡ್ ಮಾರ್ನಿಂಗ್ ಹಾವಳಿ ತಪ್ಪಿಸಲು ಹಾಗೆ ಮಾಡಿದ್ದಂತೆ. ಅದು ಮಾತ್ರ ಸರಿ.

ಪಂಚಾಯ್ತಿಯ ನೋಟೀಸೊಂದು ಪಿಡಿಎಫ್‌ನಲ್ಲಿ ಬಂದಿತ್ತು. ಇದಾದರೂ ಓದುತ್ತದೆ ಅಂದುಕೊಂಡರೆ ಬರೀ ಇಂಗ್ಲಿಷ್ ಅಕ್ಷರಗಳನ್ನು ಒದರಿತು. ಮಾವಯ್ಯ "ಇದೆಂತ ಮಂತ್ರ ಹೇಳ್ತು?" ಎಂದು ಕೇಳಿದರು. ಪರದೆಯ ಮೇಲೆ ನೋಡಿದರೆ ಶುದ್ಧ ಕನ್ನಡ. ಯಾಕೆ ಹೀಗೆ?

ಕೋಡಿಬಾಗ ಮೇಷ್ಟ್ರು

ಅದು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನ ಫೈಲು ಇರಬೇಕು. ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಆ ಫಾಂಟುಗಳಲ್ಲಿ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳು, ಮೇಲೆ ಕನ್ನಡದ ಆಕಾರದ ವೇಷ. ಕಣ್ಣಿಗೆ ವೇಷ ಕಾಣುತ್ತದೆ, ಓದುವ ತಂತ್ರಾಂಶಕ್ಕೆ ಒಳಗಿನದು. ಯಕ್ಷಗಾನದ ಮಹಿಷಾಸುರನನ್ನು ಬಣ್ಣ ಹಚ್ಚುವ ಚೌಕಿಯಲ್ಲಿ ನೋಡಿದ ಹಾಗೆ. ಯೂನಿಕೋಡ್‌ನಲ್ಲಿ ಕನ್ನಡ ಸೇರಿದ್ದು 1991ರಲ್ಲಿ. ಹೊಸ ನುಡಿಯಲ್ಲಿ ಯೂನಿಕೋಡ್ ಇದೆ, ಆದರೂ ಎಷ್ಟೋ ಕಡೆ ಹಳೆಯದೇ ಅಭ್ಯಾಸ.

ನಾನು ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅನ್ನುವ, ಪರದೆ ಓದಿ ಹೇಳುವ ತಂತ್ರಾಂಶ ಬಳಸುತ್ತೇನೆ. ಆಸ್ಟ್ರೇಲಿಯಾದ ದೃಷ್ಟಿ ಇಲ್ಲದ ಹುಡುಗನೊಬ್ಬ 2006ರಲ್ಲಿ ಶುರು ಮಾಡಿದ್ದು, ಪುಕ್ಕಟೆ. ಕನ್ನಡ ಓದುತ್ತದೆ. ಶಾಲೆಗೆ ಬರುವ ಸುತ್ತೋಲೆ ಯೂನಿಕೋಡ್ ಆಗಿದ್ದರೆ ನಾನೇ ಓದಿಕೊಳ್ಳುತ್ತೇನೆ. ವೇಷ ಹಾಕಿದ ಫೈಲು ಬಂದರೆ ಏಳನೇ ಕ್ಲಾಸಿನ ಹುಡುಗನನ್ನು ಕರೆಯಬೇಕು. ಅವನಿಗೆ ಊರಿನವರಿಗಿಂತ ಮೊದಲು ರಜೆಯ ಸುದ್ದಿ ಗೊತ್ತಾಗುತ್ತದೆ.

ಜೋಯಿಡಾ ಗುಡ್ಡ

ನಾಳೆ ಅಂತ ಹೇಳಿ ಎರಡು ವಾರ ಆಯಿತು. ಟವರ್ ಹೋಗಿತ್ತು. ಅಡ್ಮಿನ್ ಕಥೆ ಏನಾಯಿತು?

ಹುಲೇಕಲ್ ಸೊಸೆ

ಹೇಳುತ್ತೇನೆ. ಇದು ನೇರಮಾತು ಅವರಿಗೆ ಇಷ್ಟವಾಗುತ್ತದೆ.

ನಾನು ಹೇಳಿದ್ದು ಏನೂ ನಡೆಯಲಿಲ್ಲ. ಮಾವಯ್ಯ ಒಂದು ದಿನ ತಾವೇ ಅಡ್ಮಿನ್‌ಗೆ ಫೋನ್ ಮಾಡಿದರು. ಬೇರೆ ಏನೂ ಅನ್ನಲಿಲ್ಲ. "ರಾಶಿ ಎಷ್ಟಾಜು?" ಅಂತ ಕೇಳಿದರು. ಭಾವ ಹೇಳಿದರು. ಮರುದಿನ ಮತ್ತೆ ಫೋನು, ಅದೇ ಪ್ರಶ್ನೆ. ಚಾಲಿ ಎಷ್ಟು, ಕೆಂಪುಗೋಟು ಎಷ್ಟು, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಸರಾಸರಿ ಎಷ್ಟು, ಆಮೇಲೆ ಮಳೆ, ಕೊಳೆ ರೋಗ, ಮಗಳ ಮನೆ ಸುದ್ದಿ. ದಿನಾ ಇಪ್ಪತ್ತು ನಿಮಿಷ. ಎಂಟನೇ ದಿನಕ್ಕೆ ಗುಂಪಿನಲ್ಲಿ ಧಾರಣೆ ಟೈಪ್ ಆಗಿ ಬಂತು! ಚೀಟಿ ನೋಡಿಕೊಂಡು ಬಾಯಲ್ಲಿ ಹೇಳಿದರೆ ಕೀಬೋರ್ಡೇ ಬರೆದುಕೊಳ್ಳುತ್ತದೆ ಅಂತ ಭಾವನ ಮಗ ಹೇಳಿಕೊಟ್ಟನಂತೆ. ಎರಡು ನಿಮಿಷದ ಕೆಲಸ.

ಸಿದ್ದಾಪುರ ನೇರಮಾತು

ಹ್ಹ ಹ್ಹ. ಇಷ್ಟವಾಯಿತು, ಒಪ್ಪಿದೆ. ನಮ್ಮ ಅಜ್ಜನೂ ಹೀಗೇ ಇದ್ದ. ಮೊನ್ನೆ ನೀವು ಕೇಳಿದ್ದಿರಲ್ಲ, ಅವನಿಗೆ ಬೇಜಾರಿತ್ತಾ ಅಂತ. ಕೇಳಿರಲಿಲ್ಲ. ನಾವು ಪೇಪರ್ ಓದುವಾಗ ಬೇಗ ಮುಗಿಯಲಿ ಅಂತ ಎಷ್ಟೋ ಬಿಟ್ಟು ಓದುತ್ತಿದ್ದೆವು. ಅವನಿಗೆ ಗೊತ್ತಾಗುತ್ತಿತ್ತು ಅಂತ ಈಗ ಅನಿಸುತ್ತದೆ.

ಹುಲೇಕಲ್ ಸೊಸೆ

ಇನ್ನೂ ಒಂದಿದೆ. ಮೊನ್ನೆ ಜಗಲಿಯಲ್ಲಿ ಕೂತು ಮಾವಯ್ಯ ಧಾರಣೆ ಕೇಳುತ್ತಿದ್ದರು. ಒಂದು ಕಡೆ ನಿಲ್ಲಿಸಿದರು. ಹಿಂದಕ್ಕೆ ಸವರಿದರು, ಮತ್ತೆ ಕೇಳಿದರು. "ಬೆಟ್ಟೆಯ ಕನಿಷ್ಠ ಗರಿಷ್ಠಕ್ಕಿಂತ ಜಾಸ್ತಿ ಹೇಳ್ತು. ಹಂಗೆ ಆಪ್ಲೆ ಸಾಧ್ಯ ಇಲ್ಲೆ" ಎಂದರು. ನಾನು ಚೀಟಿ ನೋಡಿದೆ. ಭಾವ ಎರಡನ್ನೂ ಅದಲು ಬದಲು ಮಾಡಿದ್ದರು. ಗುಂಪಿನಲ್ಲಿ ಇನ್ನೂರು ಜನ, ಕಣ್ಣಿರುವವರು. ಒಬ್ಬರೂ ಗಮನಿಸಿರಲಿಲ್ಲ. ಮಾವಯ್ಯ ಭಾವನಿಗೆ ಫೋನ್ ಮಾಡಿ ತಿದ್ದಿಸಿದರು. ಈಗ ಭಾವ ಗುಂಪಿಗೆ ಹಾಕುವ ಮೊದಲು ಇವರಿಗೆ ಕಳಿಸುತ್ತಾರೆ.

ಬೈತಖೋಲ ಬಂದರು

ಹಾಗಾದರೆ ಈ ವರ್ಷ ಚಾಲಿ ಯಾವಾಗ ಕೊಡುತ್ತಾರಂತೆ ಮಾವಯ್ಯ? ನಮ್ಮ ಬೋಟಿನ ಯಜಮಾನರಿಗೂ ಅಂಕೋಲೆಯಲ್ಲಿ ಸ್ವಲ್ಪ ತೋಟ ಇದೆ, ಕೇಳುತ್ತಿದ್ದಾರೆ.

ಹುಲೇಕಲ್ ಸೊಸೆ

ಕೇಳಿದೆ. "ಅದೊಂದು ಹೇಳ್ತ್ನಿಲ್ಲೆ" ಎಂದರು.